ಬಿಳಿ ತಟ್ಟೆಯಲ್ಲಿ ಕಾಣದ ಚಟ್ನಿ

ಮುಂಬೈಯ ಮಾಟುಂಗಾದ ನನ್ನ ಕ್ಲಿನಿಕ್ಕಿಗೆ ಗ್ಲಾಕೋಮಾ (ಕಣ್ಣಿನ ನರ ನಿಧಾನವಾಗಿ ನಶಿಸುವ ಕಾಯಿಲೆ) ತಪಾಸಣೆಗೆ ಬರುವ ಹಿರಿಯರೊಬ್ಬರಿದ್ದಾರೆ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ನಲವತ್ತು ವರ್ಷ ಕುಳಿತವರು. ಕಣ್ಣಿಗೆ ಹಾಕುವ ಹನಿ ತಪ್ಪಿಸುವುದಿಲ್ಲ, ಕಣ್ಣಿನೊಳಗಿನ ಒತ್ತಡ ಹತೋಟಿಯಲ್ಲಿ, 14ರಲ್ಲಿ ನಿಂತಿದೆ. ಕಳೆದ ಮಳೆಗಾಲದಲ್ಲಿ ಬಂದವರು, "ಡಾಕ್ಟರೇ, ತಟ್ಟೆಯಲ್ಲಿ ಚಟ್ನಿ ಎಲ್ಲಿದೆಯೆಂದು ಬೆರಳಿನಲ್ಲಿ ತಡಕಬೇಕು. ಸಂಜೆ ಸ್ಟೇಷನ್ ಸೇತುವೆ ಇಳಿಯುವಾಗ ಮೆಟ್ಟಿಲೆಲ್ಲ ಒಂದೇ ಇಳಿಜಾರು" ಎಂದರು. ಜೊತೆಗಿದ್ದ ಸೊಸೆ, "ಮಾವನವರ ದೃಷ್ಟಿ 6/6, ಪೂರ್ತಿ ಸರಿಯಿದೆ ಎಂದು ನೀವೇ ಬರೆದಿದ್ದೀರಲ್ಲ" ಎಂದು ನನ್ನನ್ನೇ ಹಿಡಿದರು.

ಬರೆದದ್ದು ಹೌದು. ಆದರೆ ಆ 6/6 ಅಳೆಯುವ, 1862ರಲ್ಲಿ ನೇತ್ರವೈದ್ಯ ಸ್ನೆಲೆನ್ ರೂಪಿಸಿದ ಅಕ್ಷರಪಟ್ಟಿ ಕೇಳುವುದು ಒಂದೇ ಪ್ರಶ್ನೆ: ಅಚ್ಚ ಬಿಳಿಯ ಮೇಲಿನ ಕಡುಗಪ್ಪು ಅಕ್ಷರ ಎಷ್ಟು ಚಿಕ್ಕದಿದ್ದರೂ ಓದಬಲ್ಲಿರಿ? ಗ್ಲಾಕೋಮಾದಲ್ಲಿ ನಶಿಸುವುದು ಕಂಡದ್ದನ್ನು ಮಿದುಳಿಗೆ ಕಳಿಸುವ ಅಕ್ಷಿಪಟಲದ ಗ್ಯಾಂಗ್ಲಿಯಾನ್ ಕೋಶಗಳು. ಒಂದಷ್ಟು ಹೋದರೂ ಕಪ್ಪು ಅಕ್ಷರಕ್ಕೆ ಉಳಿದವು ಸಾಕಾಗುತ್ತವೆ. ಬಿಳಿ ತಟ್ಟೆಯ ತೆಂಗಿನಕಾಯಿ ಚಟ್ನಿಗೆ ಸಾಲುವುದಿಲ್ಲ.

ಹಿನ್ನೆಲೆಗಿಂತ ತುಸುವೇ ಬೇರೆಯಾದ ಬಣ್ಣವನ್ನು ಗುರುತಿಸುವ ಈ ಶಕ್ತಿಯನ್ನು (ಕಾಂಟ್ರಾಸ್ಟ್ ಸಂವೇದನೆ) ಅಳೆಯಲು 1988ರ ಪೆಲ್ಲಿ-ರಾಬ್ಸನ್ ಪಟ್ಟಿಯಿದೆ. ಅಕ್ಷರಗಳೆಲ್ಲ ಒಂದೇ ಗಾತ್ರ. ಮೂರು ಮೂರರ ಗುಂಪಿನಲ್ಲಿ ಬಣ್ಣ ಮಾತ್ರ ತೆಳುವಾಗುತ್ತ, ಕೊನೆಗೆ ಕಾಗದದಲ್ಲೇ ಕರಗಿಹೋಗುತ್ತದೆ. ಒಂದು ಮೀಟರ್ ದೂರ, ಸಮನಾದ ಬೆಳಕು, ಮೊದಲು ಒಂದೊಂದೇ ಕಣ್ಣು. ಟ್ಯೂಬ್‌ಲೈಟ್ ಪಟ್ಟಿಯ ಮೇಲೆ ಮಿಂಚಿದರೆ ಅಂಕೆ ಕೆಟ್ಟಿತೆಂದೇ ಲೆಕ್ಕ.

ಕಷ್ಟವಿರುವುದು ಕೂರಿಸಿ ಓದಿಸುವುದರಲ್ಲಿ. ಹಿರಿಯರು ಬೇಗ "ಇಲ್ಲ" ಎಂದುಬಿಡುತ್ತಾರೆ. ತಪ್ಪು ಹೇಳಲು ಸಂಕೋಚ. ತೆಳು ಅಕ್ಷರ ಹೊಳೆಯಲು ಹತ್ತಿಪ್ಪತ್ತು ಸೆಕೆಂಡು ಬೇಕು. "ಊಹಿಸಿಯಾದರೂ ಹೇಳಿ" ಎಂದು ಕಾಯಬೇಕು. ಇಂಗ್ಲಿಷ್ ಅಕ್ಷರ ಬಾರದ ಅಜ್ಜಿಯರಿಗೆ ಪಟ್ಟಿಯ ಹತ್ತು ಅಕ್ಷರಗಳನ್ನು ದಪ್ಪಗೆ ಬರೆದ ರಟ್ಟನ್ನು ಕೈಗೆ ಕೊಡುತ್ತೇನೆ. ಕಂಡದ್ದಕ್ಕೆ ಬೆರಳಿಟ್ಟರೆ ಆಯಿತು. ಅವಸರದ ಓಪಿಡಿಯಲ್ಲಿ ಈ ಪರೀಕ್ಷೆ ಬಿಟ್ಟುಹೋಗುವುದು ಸಮಯವಿಲ್ಲವೆಂದಲ್ಲ, ತಾಳ್ಮೆಯಿಲ್ಲವೆಂದು ಎಂಬುದು ನನ್ನ ಗುಮಾನಿ. ನಾನೂ ಎಷ್ಟೋ ಸಲ ಬಿಟ್ಟಿದ್ದೇನೆ.

ಈ ಪಟ್ಟಿಯಲ್ಲಿ ಅಂಕ ಹೆಚ್ಚಿದ್ದಷ್ಟೂ ಒಳ್ಳೆಯದು. ಹಿರಿಯರ ಬಲಗಣ್ಣು 1.20ಕ್ಕೆ ನಿಂತಿತು. ಅಕ್ಷರಕ್ಕೂ ಹಿನ್ನೆಲೆಗೂ ಸುಮಾರು ಶೇ 6ರಷ್ಟಾದರೂ ವ್ಯತ್ಯಾಸವಿದ್ದರೆ ಮಾತ್ರ ಆ ಕಣ್ಣಿಗೆ ಅಕ್ಷರ ಸಿಗುತ್ತದೆ ಎಂದರ್ಥ. 1.5ಕ್ಕಿಂತ ಕೆಳಗಿಳಿದರೆ ನಿತ್ಯದ ಕೆಲಸಗಳ ಬಗ್ಗೆ ಕೇಳಲೇಬೇಕು. ಪೊರೆಯಿಂದಲೂ ಹೀಗಾಗುವುದುಂಟು, ಹಾಗಾಗಿ ಅದನ್ನು ಮೊದಲು ನೋಡಿದೆ. ಇವರಿಗೆ ಶಸ್ತ್ರಚಿಕಿತ್ಸೆ ಎಂದೋ ಆಗಿದೆ. ಈ ಅಂಕೆ ದೃಷ್ಟಿಯ ಹರವು ಅಳೆಯುವ ಫೀಲ್ಡ್ ಟೆಸ್ಟಿಗೆ ಬದಲಿಯಲ್ಲ, ಇದೊಂದರಿಂದಲೇ ಗ್ಲಾಕೋಮಾ ಎನ್ನುವಂತೆಯೂ ಇಲ್ಲ. ಆದರೆ ಹಿರಿಯರ ದೂರು ವಯಸ್ಸಿನ ಗೊಣಗಾಟವಲ್ಲ ಎಂದು ಸೊಸೆಗೆ ತೋರಿಸಲು ಅದು ಸಾಕಾಯಿತು.

ಮನೆಯ ಮೆಟ್ಟಿಲಂಚಿಗೆ ಹಳದಿ ಪಟ್ಟಿ ಅಂಟಿಸಿ, ಕಡುಬಣ್ಣದ ತಟ್ಟೆ ತನ್ನಿ ಎಂದೆ. ಪಟ್ಟಿಗೆ ಒಪ್ಪಿದರು, ನೀಲಿ ತಟ್ಟೆ ಮಾತ್ರ ಬೇಡವೆಂದರು. ಈಗ ಸೊಸೆ ಮಾಟುಂಗಾ ಮಾರ್ಕೆಟ್ಟಿನಿಂದ ಬಾಳೆಲೆ ತರುತ್ತಾರೆ. ಹಸಿರಿನ ಮೇಲೆ ಚಟ್ನಿ ಎದ್ದು ಕಾಣುತ್ತದಂತೆ. ಸಾಂಬಾರ್ ಅಂಚು ದಾಟಿ ಹರಿಯುತ್ತದೆ ಎಂಬುದು ಹೊಸ ತಕರಾರು.