ಪಾಳುಬಿದ್ದ ರನ್‌ವೇ ಯಾವ ಕಡೆ ಮುಖ ಮಾಡಿದೆ?

ಉಪಗ್ರಹ ನಕ್ಷೆಯಲ್ಲಿ ಇಂಗ್ಲೆಂಡಿನ ಪೂರ್ವ ಭಾಗವನ್ನು ಸುಮ್ನೆ ಜೂಮ್ ಮಾಡಿ ನೋಡಿ. ಹೊಲಗಳ ನಡುವೆ ಅಲ್ಲಲ್ಲಿ ಮೂರು ಉದ್ದ ಗೆರೆಗಳು ಒಂದನ್ನೊಂದು ಕತ್ತರಿಸಿಕೊಂಡು ಬಿದ್ದಿರುತ್ತವೆ. ಅನ್ಯಗ್ರಹದವರ ಗುರುತು ಅಂತ ಯಾರಾದರೂ ಕಥೆ ಕಟ್ಟಿದರೆ ನಂಬಬೇಡಿ. ಅವು ಎರಡನೇ ಮಹಾಯುದ್ಧದ ವಿಮಾನ ನೆಲೆಗಳ ಪಳೆಯುಳಿಕೆ. ಆ ಆಕಾರಕ್ಕೆ ಕಾರಣ ಗಾಳಿ.

ವಿಮಾನ ಮೇಲೇಳಲು ಲೆಕ್ಕಕ್ಕೆ ಬರುವುದು ರೆಕ್ಕೆಯ ಮೇಲೆ ಹಾಯುವ ಗಾಳಿಯ ವೇಗ, ನೆಲದ ಮೇಲಿನ ಓಟದ ವೇಗವಲ್ಲ. ಗಾಳಿಪಟ ಹಾರಿಸುವವರು ಗಾಳಿಗೆ ಎದುರಾಗಿ ಓಡುವುದೂ ಇದಕ್ಕೇ ಅಲ್ವಾ? ಒಂದು ವಿಮಾನಕ್ಕೆ ಗಂಟೆಗೆ 100 ಕಿ.ಮೀ. ವೇಗ ಬೇಕು ಅನ್ನಿ. ಎದುರಿನಿಂದ 20 ಕಿ.ಮೀ. ಗಾಳಿ ಇದ್ದರೆ ನೆಲದ ಮೇಲೆ 80ರಲ್ಲಿ ಓಡಿದರೂ ಸಾಕು. ಅದೇ ಗಾಳಿ ಬೆನ್ನ ಹಿಂದಿನಿಂದ ಬಂದರೆ 120 ಬೇಕು. ಓಡಬೇಕಾದ ದೂರ ಎರಡು ಪಟ್ಟಿಗಿಂತ ಜಾಸ್ತಿಯಾಗುತ್ತದೆ.

ಅಡ್ಡಗಾಳಿಯದ್ದು ಇನ್ನೊಂದು ಕಾಟ. ಆಗಿನ ಬಹುಪಾಲು ವಿಮಾನಗಳಿಗೆ ಮೂರನೇ ಚಕ್ರ ಬಾಲದ ಕೆಳಗಿತ್ತು. ತೂಕವೆಲ್ಲ ಮುಂದಿನ ಎರಡು ಚಕ್ರಗಳಿಗಿಂತ ಹಿಂದೆ. ಗಾಳಿ ಬಾಲವನ್ನು ಸ್ವಲ್ಪ ತಳ್ಳಿದರೂ ಸಾಕು, ಆ ತೂಕವೇ ವಿಮಾನವನ್ನು ಇನ್ನಷ್ಟು ತಿರುಗಿಸಿಬಿಡುತ್ತಿತ್ತು.

ಮೊದಮೊದಲು ಈ ತಲೆನೋವು ಅಷ್ಟಿರಲಿಲ್ಲ. ವಿಮಾನ ನಿಲ್ದಾಣ ಅಂದರೆ ಅಗಲವಾದ ಹುಲ್ಲಿನ ಬಯಲು. ಗಾಳಿ ಎಲ್ಲಿಂದ ಬಂದರೆ ಆ ಕಡೆ ಮುಖ ಮಾಡಿ ಹೊರಟರಾಯಿತು. ಭಾರೀ ಬಾಂಬರ್‌ಗಳು ಬಂದಾಗ ಒದ್ದೆ ಹುಲ್ಲುನೆಲ ತಡೆಯಲಿಲ್ಲ, ಕಾಂಕ್ರೀಟ್ ಹಾಕಬೇಕಾಯಿತು. ಬಯಲಿಗೆಲ್ಲಾ ಕಾಂಕ್ರೀಟ್ ಹಾಕೋಕಾಗುತ್ತದೆಯೇ? ಬ್ರಿಟನ್ನಿನ ವಾಯುಪಡೆ 60 ಡಿಗ್ರಿ ಅಂತರದಲ್ಲಿ ಮೂರು ರನ್‌ವೇ ಪಟ್ಟಿಗಳ ನಕ್ಷೆ ಮಾಡಿಕೊಂಡಿತು. ದೊಡ್ಡದು ಸುಮಾರು 1,830 ಮೀಟರ್, ಉಳಿದೆರಡು 1,280. ಪ್ರತಿ ಪಟ್ಟಿಯನ್ನೂ ಎರಡೂ ತುದಿಯಿಂದ ಬಳಸಬಹುದು, ಅಂದರೆ ಆರು ದಿಕ್ಕು. ಗಾಳಿ ಎಲ್ಲಿಂದಾದರೂ ಬೀಸಲಿ, ಯಾವುದೋ ಒಂದು ಪಟ್ಟಿಗೆ 30 ಡಿಗ್ರಿಯೊಳಗೇ ಸಿಗುತ್ತದೆ. ಎಷ್ಟು ಚೊಕ್ಕ ಲೆಕ್ಕ! ದೊಡ್ಡ ಪಟ್ಟಿಯನ್ನು ಸಾಧ್ಯವಾದಷ್ಟೂ ಅಲ್ಲಿ ಹೆಚ್ಚಾಗಿ ಬೀಸುವ ಗಾಳಿಯ ದಿಕ್ಕಿಗೇ ಹಾಕುತ್ತಿದ್ದರು. ಹಾಗಾಗಿ ಪಾಳುಬಿದ್ದ ಪಟ್ಟಿ ನೋಡಿದರೆ ಊರಿನ ಗಾಳಿ ಗೊತ್ತಾಗುತ್ತದೆ. ಮುಂದೆ ಮೂಗಿನ ಕೆಳಗೆ ಚಕ್ರ ಇರುವ ವಿಮಾನಗಳು ಬಂದವು, ಅಡ್ಡಗಾಳಿ ಅಷ್ಟು ಕಾಡಲಿಲ್ಲ, ಅಡ್ಡ ಪಟ್ಟಿಗಳು ಮೂಲೆಗುಂಪಾದವು.

ತುದಿಯಲ್ಲಿ ಬರೆದ ಸಂಖ್ಯೆಯೂ ದಿಕ್ಕೇ. 27 ಅಂದರೆ 270 ಡಿಗ್ರಿ, ಪಶ್ಚಿಮ. ಆದರೆ ಇದು ದಿಕ್ಸೂಚಿ ತೋರಿಸುವ ಪಶ್ಚಿಮ, ಭೂಮಿಯ ಕಾಂತಧ್ರುವವೋ ಒಂದೆಡೆ ನಿಲ್ಲುವುದಿಲ್ಲ. ಲಂಡನ್ನಿನ ಸ್ಟ್ಯಾನ್‌ಸ್ಟೆಡ್ ವಿಮಾನ ನಿಲ್ದಾಣದಲ್ಲಿ 2009ರಲ್ಲಿ ರನ್‌ವೇಯ ಎರಡು ತುದಿಗಳ 05/23 ಅನ್ನು ಅಳಿಸಿ 04/22 ಅಂತ ಬರೆದರು. ರನ್‌ವೇ ಒಂದಿಂಚೂ ಸರಿದಿರಲಿಲ್ಲ. ಮುಚ್ಚಿದ ಪಟ್ಟಿಯ ಸಂಖ್ಯೆಯನ್ನು ಯಾರು ತಿದ್ದುತ್ತಾರೆ? ಅದು ಹಳೇ ಧ್ರುವವನ್ನೇ ನಂಬಿಕೊಂಡಿರುತ್ತದೆ.

ಮುಚ್ಚಿದ್ದಕ್ಕೆ ಗುರುತು, ಮೇಲೆ ಬಳಿಯುವ ದೊಡ್ಡ ಕತ್ತರಿ (X) ಗುರುತು. ಷಿಕಾಗೋದ ಮೇಗ್ಸ್ ಫೀಲ್ಡ್ ವಿಮಾನ ನಿಲ್ದಾಣದಲ್ಲಿ ಬಣ್ಣಕ್ಕೂ ಕಾಯಲಿಲ್ಲ. 2003ರ ಮಾರ್ಚ್ 30ರ ರಾತ್ರಿ ಮೇಯರ್ ರಿಚರ್ಡ್ ಡೇಲಿ ಬುಲ್ಡೋಜರ್ ಕಳಿಸಿ ರನ್‌ವೇಯಲ್ಲೇ ಆ ಗುರುತು ಅಗೆಸಿಬಿಟ್ಟರು! ಅಲ್ಲೇ ಸಿಕ್ಕಿಬಿದ್ದ ವಿಮಾನಗಳು ಆಮೇಲೆ ಪಕ್ಕದ ಟ್ಯಾಕ್ಸಿವೇಯಿಂದ (ವಿಮಾನಗಳು ರನ್‌ವೇಗೆ ಹೋಗಿಬರುವ ದಾರಿ) ಹಾರಿಹೋದವು. ಈಗ ಅದು ಪಾರ್ಕು.

ಎಲ್ಲಾ ಪಟ್ಟಿಗಳ ಗತಿ ಒಂದೇ ಅಲ್ಲ. ವೆಲಿಂಗ್ಟನ್ ಬಾಂಬರ್‌ಗಳ ನೆಲೆಯಾಗಿದ್ದ ಸಿಲ್ವರ್‌ಸ್ಟೋನ್‌ನಲ್ಲಿ 1950ರ ಮೇ 13ರಂದು ಮೊದಲ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ರೇಸ್ ನಡೆಯಿತು. ಬೇರೆ ಎಷ್ಟೋ ಕಡೆ ಕಾಂಕ್ರೀಟನ್ನು ಪುಡಿ ಮಾಡಿ ರಸ್ತೆಗೆ ಹಾಕಿದರು. ಅಡಿಪಾಯ ಉಳಿದಿದ್ದರೆ ಮೇಲಿನ ಮಣ್ಣು ತೆಳು, ಬೇರು ಆಳಕ್ಕೆ ಇಳಿಯುವುದಿಲ್ಲ. ಮಳೆ ಕೈಕೊಟ್ಟ ವರ್ಷ ಪೈರು ಅಲ್ಲಿ ಮೊದಲು ಹಳದಿಯಾಗಿ, ಹಳೇ ರನ್‌ವೇ ಮೇಲಿನಿಂದ ಮತ್ತೆ ಕಾಣುತ್ತದೆ. ಇದಕ್ಕೂ ದೆವ್ವ ಬೇಕಿಲ್ಲ.

ನನಗೆ ಅಚ್ಚುಮೆಚ್ಚಿನದು ಜರ್ಮನಿಯ ಫ್ರಾಂಕ್‌ಫರ್ಟ್‌ನ ಬೊನಾಮೆಸ್. ಅಮೆರಿಕ ಸೇನೆ 1992ರಲ್ಲಿ ಬಿಟ್ಟುಹೋದ ಪುಟ್ಟ ನೆಲೆ. ಕಾಂಕ್ರೀಟಿನ ಒಂದು ಭಾಗವನ್ನು ಸಾಗಿಸದೆ, ಬೇರೆ ಬೇರೆ ಗಾತ್ರಕ್ಕೆ ಒಡೆದು ಅಲ್ಲೇ ಬಿಟ್ಟರು. ಚಪ್ಪಡಿಗಳ ಸಂದಿಯಲ್ಲಿ ನೀರು, ಮಣ್ಣು ಕೂತಿತು. ಗಿಡಗಳು ತಾವಾಗಿ ಬಂದವು. ಉಳಿಸಿಕೊಂಡ ರನ್‌ವೇ ತುಂಡಿನ ಮೇಲೆ ಜನ ಸೈಕಲ್ ಹೊಡೆಯುತ್ತಾರೆ, ಸ್ಕೇಟಿಂಗ್ ಮಾಡುತ್ತಾರೆ.