ಗೇಮ್ ಆಡಿ ಅಳೋದು ಅಂದ್ರ ಏನ್ರಿ?

ಪ್ರಶ್ನೆ: "ನನ್ನ ಮಗಳು ಪಿಯುಸಿ ಓದ್ತಾಳ್ರಿ. ಮೊನ್ನೆ ರಾತ್ರಿ ಮೊಬೈಲ್ ಹಿಡ್ಕೊಂಡು ಒಬ್ಬಾಕಿನೇ ಕುಂತು ಅಳ್ಲತ್ತಿದ್ಳು. ಯಾರರ ಏನರ ಅಂದ್ರೇನೋ ಅಂತ ಗಾಬರಿ ಆಗಿ ಕೇಳಿದ್ರ, 'ಏನಿಲ್ಲಪ್ಪಾ, ಗೇಮ್ ಮುಗೀತು' ಅಂದ್ಳು. ಫ್ಲಾರೆನ್ಸ್ ಅಂತ ಅದರ ಹೆಸರಂತ. ಸಿನಿಮಾ ನೋಡಿ ಅಳೋದು ಗೊತ್ತದ, ನಾಟಕ ನೋಡಿ ಅಳೋದು ಗೊತ್ತದ. ಗೇಮ್ ಅಂದ್ರ ಹೊಡಿಯೋದು, ಗೆಲ್ಲೋದು. ಅದರಾಗ ಅಳೋವಂಥದ್ದು ಏನದರಿ?"
— ಒಬ್ಬ ತಂದೆ, ಜೇವರ್ಗಿ ರಸ್ತೆ, ಕಲಬುರಗಿ

ಗಾಬರಿ ಆಗಬ್ಯಾಡ್ರಿ. ನಿಮ್ಮ ಮಗಳು ಆಡಿದ ಆಟ ನನಗೆ ಗೊತ್ತು, ನಾನೂ ಆಡಿದ್ದೇನೆ, ಕೊನೆಗೆ ಸುಮ್ಮನೆ ಕುಳಿತಿದ್ದೇನೆ. ಈ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಬಹಳ ಜನ ಕೇಳಿದ್ದಾರೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ನಮ್ಮ ಕಡೆಯ ಮೊಹರಂ ನೆನೆಸಿಕೊಳ್ಳಿ. ಕತ್ತಲ ರಾತ್ರಿ ಅಲಾಯಿ ದೇವರು ಎದ್ದಾಗ ಊರಿಗೆ ಊರೇ ನೆರೆದಿರುತ್ತದೆ. ಕಟ್ಟೆ ಮೇಲೆ, ಮಾಳಿಗೆ ಮೇಲೆ ನಿಂತು ನೋಡುವವರು ಕೆಲವರು. ರಿವಾಯತ್ ಪದ ಹಾಡುತ್ತ ಹೆಜ್ಜೆ ಹಾಕುವವರು ಕೆಲವರು. ನಾನು ಸಣ್ಣವನಿದ್ದಾಗ ಮಾಳಿಗೆ ಮೇಲಿನವರಲ್ಲಿ ಒಬ್ಬ. ಒಂದು ವರ್ಷ ಕಾಕಾ ಕೈ ಹಿಡಿದು ಹೆಜ್ಜೆಯವರ ಸಾಲಿನೊಳಗೆ ಎಳೆದುಕೊಂಡ. ಅವೇ ಪದ, ಅವೇ ಹಲಗೆಯ ಪೆಟ್ಟು. ಕರ್ಬಲಾದ ಕತೆ ನನಗೆ ಪೂರ್ತಿ ತಿಳಿದಿರಲಿಲ್ಲ. ಆದರೂ ಹೆಜ್ಜೆ ಹಾಕುತ್ತ ಹಾಕುತ್ತ ಎದೆ ಭಾರವಾಯಿತು. ಮೇಲಿಂದ ನೋಡಿದಾಗ ಅದು ಅವರ ದುಃಖ ಅನ್ನಿಸುತ್ತಿತ್ತು. ಕಾಲು ಕೂಡಿದ ಮೇಲೆ ಅದರಲ್ಲಿ ನನ್ನದೂ ಒಂದು ಪಾಲಿತ್ತು.

ಸಿನಿಮಾ ನೋಡುವಾಗ ನಾವು ಮಾಳಿಗೆ ಮೇಲೆ ಇರುತ್ತೇವೆ. ಕೆಲವು ಗೇಮ್‌ಗಳು ನಮ್ಮನ್ನು ಸಾಲಿನೊಳಗೆ ಎಳೆದುಕೊಳ್ಳುತ್ತವೆ.

ಈಗ ನಿಮ್ಮ ಮಗಳ ಆಟಕ್ಕೆ ಬರೋಣ. ಫ್ಲಾರೆನ್ಸ್ ಬಂದದ್ದು 2018ರ ಫೆಬ್ರವರಿ 14ರಂದು. ಮಾಡಿದ್ದು ಆಸ್ಟ್ರೇಲಿಯಾದ ಮೆಲ್ಬರ್ನಿನ ಮೌಂಟನ್ಸ್ ಎಂಬ ಸಣ್ಣ ತಂಡ, ಅದರ ಮುಂದಾಳು ಕೆನ್ ವಾಂಗ್. ಫ್ಲಾರೆನ್ಸ್ ಯೋ ಎಂಬ 25 ವರ್ಷದ ಹುಡುಗಿ, ಚೆಲ್ಲೊ ಎಂಬ ದೊಡ್ಡ ತಂತಿವಾದ್ಯ ನುಡಿಸುವ ಭಾರತೀಯ ಮೂಲದ ಹುಡುಗ ಕ್ರಿಶ್, ಇಬ್ಬರಿಗೂ ಪ್ರೀತಿ ಆಗುತ್ತದೆ, ಆಮೇಲೆ ದೂರ ಆಗುತ್ತಾರೆ. ಕತೆ ಇಷ್ಟೇ. ಆಡಿ ಮುಗಿಸಲು ಅರ್ಧ ತಾಸು ಸಾಕು. ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಇಂಗ್ಲಿಷ್ ಬಾರದವರಿಗೂ ತೊಡಕಿಲ್ಲ.

ಇಬ್ಬರೂ ಮೊದಲ ಸಲ ಎದುರು ಬದುರು ಕುಳಿತಾಗ ಫ್ಲಾರೆನ್ಸ್ ಮಾತಾಡಬೇಕಾದರೆ, ಅವಳ ಮಾತಿನ ಗುಳ್ಳೆಯನ್ನು ನಾವು ತುಂಡು ತುಂಡು ಜೋಡಿಸಿ ತುಂಬಿಸಬೇಕು. ಮೊದಲಿಗೆ ತುಂಡುಗಳು ಬಹಳ. ಹೊಸಬರ ಮುಂದೆ ಮಾತು ಹುಡುಕುವಾಗ ಆಗುವ ತಡವರಿಕೆ ಬೆರಳಿಗೆ ಬರುತ್ತದೆ. ಸಲಿಗೆ ಬೆಳೆದಂತೆ ತುಂಡು ಕಡಿಮೆಯಾಗುತ್ತ ಹೋಗಿ, ಕೊನೆಗೆ ಒಂದೇ ಒಂದು ತುಂಡು, ಇಟ್ಟರೆ ಮಾತು ಮುಗಿಯಿತು. "ಇವರಿಬ್ಬರಿಗೂ ಈಗ ಮಾತು ಸಲೀಸಾಗಿದೆ" ಅಂತ ಆಟ ಎಲ್ಲಿಯೂ ಬರೆದು ಹೇಳುವುದಿಲ್ಲ. ನಿಮ್ಮ ಕೈಗೆ ಅದು ಗೊತ್ತಾಗಿರುತ್ತದೆ. ಮುಂದೆ ಜಗಳ ಶುರುವಾದಾಗ ಅದೇ ತುಂಡುಗಳು ಚೂಪಾಗಿ ಬರುತ್ತವೆ, ಗಡಿಬಿಡಿಯಿಂದ ಜೋಡಿಸಬೇಕು. ಇಲ್ಲಿ ನನ್ನ ಬೆರಳು ಒಂದು ಕ್ಷಣ ನಿಂತಿತು. ಎಷ್ಟು ಬೇಗ ಜೋಡಿಸುತ್ತೇನೋ ಅಷ್ಟು ಬೇಗ ಅವಳು ಅವನ ಮೇಲೆ ರೇಗುತ್ತಾಳೆ. ಆ ಮಾತನ್ನು ಅವಳ ಬಾಯಿಗೆ ಇಟ್ಟದ್ದು ನಾನೇ.

ಅವನು ಮನೆಗೆ ಬಂದು ಸೇರಿದ ದಿನ ಅವನ ಸಾಮಾನಿಗೆ ಜಾಗ ಮಾಡಿಕೊಡುವವರು ನಾವು. ಅವಳ ಯಾವ ವಸ್ತು ಕಪಾಟಿನಲ್ಲಿ ಉಳಿಯಬೇಕು, ಯಾವುದು ಒಳಗೆ ಹೋಗಬೇಕು ಎಂದು ಆರಿಸುವವರೂ ನಾವೇ. ಬೇರೆಯಾದಾಗ ಅವೇ ಸಾಮಾನನ್ನು ತೆಗೆದು ಡಬ್ಬಿಗೆ ತುಂಬಬೇಕು. ನಿಮ್ಮ ಮಗಳ ಕಣ್ಣಲ್ಲಿ ನೀರು ಬಂದದ್ದು ಬಹುಶಃ ಇಲ್ಲಿಯೇ. ಮಕ್ಕಳು ಬೆಂಗಳೂರಿಗೋ ಪುಣೆಗೋ ಹೊರಟಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಚೀಲ ತುಂಬಿಸಿದ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೀಲದ ಜಿಪ್ ಎಳೆಯುವ ತನಕ ಅಳು ಬಂದಿರುವುದಿಲ್ಲ, ಎಳೆಯುವಾಗ ಬರುತ್ತದೆ.

ಇನ್ನೊಂದು ಆಟ ಹೇಳುತ್ತೇನೆ, ಅದು ಅಳಿಸುವುದಕ್ಕಿಂತ ಹೆಚ್ಚಾಗಿ ನಿದ್ದೆ ಕೆಡಿಸುತ್ತದೆ. ಲೂಕಸ್ ಪೋಪ್ ಎಂಬಾತ ಬಹುಪಾಲು ಒಬ್ಬನೇ ಕೂತು ಮಾಡಿ 2013ರಲ್ಲಿ ಹೊರತಂದ 'ಪೇಪರ್ಸ್, ಪ್ಲೀಸ್'. ನೀವು ಒಂದು ಕಲ್ಪನೆಯ ದೇಶದ ಗಡಿಯಲ್ಲಿ ಕಾಗದ ಪತ್ರ ನೋಡಿ ಠಸ್ಸೆ ಹಾಕುವ ನೌಕರ. ತಪ್ಪು ಮಾಡಿದರೆ ಮೊದಲು ಎಚ್ಚರಿಕೆ, ಆಮೇಲೆ ಸಂಬಳಕ್ಕೆ ಕತ್ತರಿ. ಸಂಬಳ ಕಡಿಮೆಯಾದರೆ ಆ ರಾತ್ರಿ ಮನೆಯವರಿಗೆ ಊಟವೋ, ಚಳಿಗೆ ಬೆಂಕಿಯೋ, ಔಷಧಿಯೋ ಎಂದು ಲೆಕ್ಕ ಹಾಕಬೇಕು. ಒಂದು ದಿನ ಒಬ್ಬ ಗಂಡಸು ಬರುತ್ತಾನೆ, ಕಾಗದ ಎಲ್ಲ ಸರಿ. ಹೋಗುವ ಮುನ್ನ, ನನ್ನ ಹಿಂದೆ ನನ್ನ ಹೆಂಡತಿ ಇದ್ದಾಳೆ, ದಯೆ ಇರಲಿ ಎನ್ನುತ್ತಾನೆ. ಹೆಂಡತಿ ಬರುತ್ತಾಳೆ, ಅವಳ ಬಳಿ ಪ್ರವೇಶ ಪರವಾನಗಿ ಇಲ್ಲ.

ನಾವೆಲ್ಲ ಜೀವನಪೂರ್ತಿ ಕಿಟಕಿಯ ಈಚೆ ನಿಂತವರು. ಆಧಾರ್ ಝೆರಾಕ್ಸ್ ಒಂದು ಕಡಿಮೆ ಬಿತ್ತು ಅಂತ ಮೂರು ಸಲ ವಾಪಸ್ ಬಂದವರು, ಹಳ್ಳಿಯಿಂದ ಬಸ್ ಹಿಡಿದು ಬಂದು "ನಾಳೆ ಬರ್ರಿ" ಅನ್ನಿಸಿಕೊಂಡವರು. ಈ ಆಟ ನಮ್ಮನ್ನು ಕಿಟಕಿಯ ಆಚೆ ಕೂಡಿಸಿ ಠಸ್ಸೆ ಕೈಗೆ ಕೊಡುತ್ತದೆ. ನಾನು ಮೊದಲ ಸಲ ಆಡಿದಾಗ ಆ ಹೆಂಡತಿಯನ್ನು ವಾಪಸ್ ಕಳಿಸಿದೆ. ನನ್ನ ಮನೆಯವರು ಚಳಿಯಲ್ಲಿ ಇದ್ದಾರಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಎಷ್ಟು ಸಲೀಸಾಗಿ ಬಾಯಿಗೆ ಬಂತು ಎಂಬುದೇ ಇವತ್ತಿಗೂ ನನ್ನನ್ನು ಕಾಡುತ್ತದೆ.

ಇಂಥವನ್ನು ಇಂಡಿ ಗೇಮ್ ಅನ್ನುತ್ತಾರೆ. ಇಂಡಿ ಅಂದರೆ ನಮಗೆ ಮೊದಲು ಕಣ್ಣಿಗೆ ಬರುವುದು ವಿಜಯಪುರ ಜಿಲ್ಲೆಯ ನಿಂಬೆಯ ಇಂಡಿ. ಇದು ಆ ಇಂಡಿ ಅಲ್ಲ, ಸ್ವತಂತ್ರ ಎಂಬ ಅರ್ಥದ ಇಂಗ್ಲಿಷ್ ಪದದ ತುಂಡು. ದೊಡ್ಡ ಕಂಪನಿಗಳಲ್ಲಿ ನೂರಾರು ಜನ ವರ್ಷಗಟ್ಟಲೆ ಒಂದು ಗೇಮ್‌ಗೆ ದುಡಿಯುತ್ತಾರೆ, ಹಾಕಿದ ಹಣ ಮರಳಬೇಕಾದರೆ ಎಲ್ಲರಿಗೂ ಹಿಡಿಸುವಂಥದ್ದನ್ನೇ ಕೊಡಬೇಕಾಗುತ್ತದೆ. ಒಬ್ಬರೋ ನಾಲ್ವರೋ ಕೂತು ಮಾಡುವಾಗ ತಮಗೆ ಆದದ್ದನ್ನು ಹೇಳಲು ಧೈರ್ಯ ಇರುತ್ತದೆ. ಜೇಸನ್ ರೋರರ್ 2007ರಲ್ಲಿ ಮಾಡಿದ 'ಪ್ಯಾಸೇಜ್' ಐದೇ ನಿಮಿಷದ್ದು, ಪರದೆಯ ಎತ್ತರ ಬರೀ 16 ಚುಕ್ಕಿ. ನಡೆಯುತ್ತ ಹೋಗಬೇಕು. ದಾರಿಯಲ್ಲಿ ಜೊತೆಗಾತಿ ಸಿಗುತ್ತಾಳೆ. ಜೊತೆಯಾದರೆ ಇಕ್ಕಟ್ಟಿನ ಸಂದುಗಳಲ್ಲಿ ನುಗ್ಗಲು ಆಗುವುದಿಲ್ಲ, ಅಲ್ಲಿನ ನಿಧಿಯ ಪೆಟ್ಟಿಗೆಗಳು ಕೈತಪ್ಪುತ್ತವೆ. ಕೊನೆಗೆ ಅವಳು ಗೋರಿಕಲ್ಲಾಗುತ್ತಾಳೆ, ನಿಮ್ಮ ನಡಿಗೆ ನಿಧಾನವಾಗುತ್ತದೆ. ನನಗೆ ನನ್ನ ಮುತ್ತ್ಯಾ ನೆನಪಾದ, ಆಯಿ ಹೋದ ಮೇಲೆ ಅವನು ಹೊಲಕ್ಕೆ ನಡೆಯುತ್ತಿದ್ದ ರೀತಿ.

'ದಟ್ ಡ್ರಾಗನ್, ಕ್ಯಾನ್ಸರ್' ಬಗ್ಗೆ ಹೇಳುವಾಗ ಎಚ್ಚರ ಬೇಕು, ಯಾಕೆಂದರೆ ಅದು ನಿಜವಾಗಿ ನಡೆದದ್ದು. ಅಮೆರಿಕದ ರಯಾನ್ ಮತ್ತು ಏಮಿ ಗ್ರೀನ್ ದಂಪತಿಯ ಮಗ ಜೋಯಲ್‌ಗೆ ಒಂದು ವರ್ಷದವನಿದ್ದಾಗ ಮೆದುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಅವನಿರುವಾಗಲೇ ಈ ಆಟ ಕಟ್ಟಲು ಶುರುಮಾಡಿದರು. 2014ರಲ್ಲಿ, ಐದು ವರ್ಷಕ್ಕೆ, ಮಗು ಹೋಯಿತು. 2016ರ ಜನವರಿಯಲ್ಲಿ ಆಟ ಬಂತು. ಅದರಲ್ಲಿ ಆಸ್ಪತ್ರೆಯ ಕೋಣೆಯ ಒಂದು ರಾತ್ರಿ ಇದೆ. ಮಗು ಅಳುತ್ತಿದೆ. ಎತ್ತಿಕೊಂಡು ನೋಡುತ್ತೀರಿ, ಕುಡಿಸಲು ನೋಡುತ್ತೀರಿ, ಅಳು ನಿಲ್ಲುವುದಿಲ್ಲ. ಗೇಮ್ ಎಂದರೆ ಒತ್ತಿದರೆ ಏನಾದರೂ ಆಗಬೇಕು, ಅಲ್ಲವೇ? ಇಲ್ಲಿ ಒತ್ತಿದರೂ ಏನೂ ಆಗುವುದಿಲ್ಲ. ಮಗುವನ್ನು ತೊಡೆ ಮೇಲೆ ಹಾಕಿಕೊಂಡು ದವಾಖಾನೆಯಲ್ಲಿ ರಾತ್ರಿ ಕಳೆದವರು ಇದನ್ನು ಆಡಲೇಬೇಕು ಅಂತ ನಾನು ಹೇಳಲಾರೆ.

ನಮಗೆ ಹತ್ತಿರದ್ದು ಬೇಕೆಂದರೆ 2023ರ 'ವೆನ್ಬಾ'. ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬದ ಕತೆ. ತಾಯಿ ಕೊಟ್ಟ ಅಡುಗೆ ಪುಸ್ತಕ ಹರಿದು, ಅಕ್ಷರ ಅಳಿಸಿ ಹೋಗಿದೆ, ನಾವು ಊಹಿಸಿ ಇಡ್ಲಿ ಬೇಯಿಸಬೇಕು. ಮಗ ತಾಯ್ನುಡಿಯಿಂದ ದೂರ ಬೆಳೆಯುತ್ತಾನೆ. ನಮ್ಮ ಅವ್ವಂದಿರು ರೊಟ್ಟಿ ಬಡಿಯುವುದನ್ನು ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ, ಹಿಟ್ಟಿಗೆ ಬಿಸಿನೀರು ಎಷ್ಟು ಎಂದು ಕೇಳಿದರೆ "ಕೈಗೆ ತಿಳಿತದ" ಅನ್ನುತ್ತಾರೆ. ಜೋಳದ ರೊಟ್ಟಿಯ ಸದ್ದಿನ ಇಂಥ ಒಂದು ಆಟವನ್ನು ಆಳಂದದ, ಸುರಪುರದ, ಭಾಲ್ಕಿಯ ಯಾವುದಾದರೂ ಹುಡುಗಿ ಮಾಡಲಿ ಎಂಬುದು ನನ್ನ ಬಹಳ ದಿನದ ಆಸೆ. ಗೇಮ್ ಮಾಡಲು ಬಳಸುವ ಗೋಡೋ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ಕಲಿಯಲು ಶುರುಮಾಡಬಹುದು.

ಸಣ್ಣ ತಂಡದ್ದೆಲ್ಲ ಒಳ್ಳೆಯದೇ ಎಂದು ತಿಳಿಯಬೇಡಿ. ಸತ್ತ ಹೆಂಡತಿ, ಮಳೆ, ಹಿಂದೆ ಪಿಯಾನೊ, ಇಷ್ಟು ಇಟ್ಟು ಅಳಿಸಲು ನೋಡುವ ಆಟಗಳು ಬೇಕಾದಷ್ಟಿವೆ. ಅವುಗಳಲ್ಲಿ ಕೈಗೆ ಕೆಲಸ ಇರುವುದಿಲ್ಲ, ಒತ್ತುತ್ತ ಹೋದರೆ ಕತೆ ತಾನೇ ಮುಂದೆ ಹೋಗುತ್ತದೆ. ಅಂಥದ್ದಕ್ಕಿಂತ ಸಿನಿಮಾ ವಾಸಿ.

ಇನ್ನು ಮಗಳ ವಿಷಯ. ಯಾಕ ಅತ್ತಿ ಅಂತ ಕೇಳಬೇಡಿ, ಆ ವಯಸ್ಸಿನವರು ಹೇಳುವುದಿಲ್ಲ. ಫೋನ್ ಇಸಿದುಕೊಂಡು, ನನಗೂ ಆಡಲಿಕ್ಕೆ ಕೊಡು ಅನ್ನಿ. ಮೊದಲ ದೃಶ್ಯದಲ್ಲಿ ಫ್ಲಾರೆನ್ಸ್ ನಿದ್ದೆಗಣ್ಣಲ್ಲಿ ಹಲ್ಲುಜ್ಜಬೇಕು, ಅದಕ್ಕೆ ನಿಮ್ಮ ಬೆರಳನ್ನು ಆ ಕಡೆ ಈ ಕಡೆ ಆಡಿಸಬೇಕು. ಅಷ್ಟನ್ನು ಅವಳಿಂದ ಹೇಳಿಸಿಕೊಳ್ಳಿ, ಮುಂದಿನದು ನಿಮಗೇ ಬರುತ್ತದೆ.