ಟ್ರ್ಯಾಕ್ಟರ್ ಜಾರಿದರೆ ತೂಕ ಹೇರಿದರೆ ಸಾಕೇ?

ಮಂಜುಗಡ್ಡೆಯ ಮೇಲೆ ಸಣ್ಣ ಟ್ರ್ಯಾಕ್ಟರ್ ಜಾರಿತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮದ್ದು: ಇನ್ನಷ್ಟು ತೂಕ ಹಾಕಿ. ಅಮೆರಿಕದ ಮಿನೆಸೋಟ, ಮಿಷಿಗನ್, ವರ್ಮಾಂಟ್ ಕಡೆ ಮನೆಮುಂದಿನ ಉದ್ದ ದಾರಿಯ ಹಿಮ ತಳ್ಳಲು ಇಂಥ ಗಾಡಿ ಇಟ್ಟುಕೊಂಡವರು ತುಂಬಾ ಜನ. ನಮ್ಮ ಮಹೀಂದ್ರ ಟ್ರ್ಯಾಕ್ಟರುಗಳೂ ಅಲ್ಲಿ ಓಡುತ್ತವೆ. ಚಳಿಗಾಲದ ತಯಾರಿ ಎಂದರೆ ಹಿಂದಿನ ಟೈರಿಗೆ ದ್ರವ ತುಂಬುವುದು, ಗಾಡಿಯ ಹಿಂದೆ ಕಾಂಕ್ರೀಟ್ ಪೆಟ್ಟಿಗೆ ಕಟ್ಟುವುದು. ತಪ್ಪೇನಿಲ್ಲ. ಆದರೆ ಭಾರವಾದ ಗಾಡಿ ಇಳಿಜಾರಿನಲ್ಲೂ ಜಾರುವುದಿಲ್ಲ ಎಂಬ ನಂಬಿಕೆ ಇದರ ಜೊತೆಗೇ ಬೆಳೆದಿದೆಯಲ್ಲ, ಅದು ಅಪಾಯಕಾರಿ.

ಲೆಕ್ಕ ನೋಡಿ. ಒಣಗಿದ ಟಾರು ರಸ್ತೆಯಲ್ಲಿ ರಬ್ಬರಿನ ಘರ್ಷಣೆಯ ಅಂಕ, ಅಂದರೆ ತೂಕದಲ್ಲಿ ಎಷ್ಟು ಪಾಲು ಹಿಡಿತವಾಗುತ್ತದೆ ಎಂಬ ಲೆಕ್ಕ, ಸುಮಾರು 0.7ರಿಂದ 0.8. ತುಳಿದು ಗಟ್ಟಿಯಾದ ಹಿಮದ ಮೇಲೆ 0.2ರಿಂದ 0.3. ಮಂಜುಗಡ್ಡೆಯ ಮೇಲೆ 0.1ರ ಆಸುಪಾಸು. ಅಂದರೆ 1000 ಕೆ.ಜಿ. ಗಾಡಿಯ ನಾಲ್ಕೂ ಚಕ್ರ ತಿರುಗಿದರೂ ಮಂಜುಗಡ್ಡೆಯ ಮೇಲೆ ಅದು ತಳ್ಳಬಲ್ಲದ್ದು ಹೆಚ್ಚೆಂದರೆ 100 ಕೆ.ಜಿ. ಬಲದಷ್ಟು. ಇಂಜಿನ್ ಎಷ್ಟೇ ದೊಡ್ಡದಿರಲಿ, ಅಷ್ಟೇ. ಇನ್ನೂ 200 ಕೆ.ಜಿ. ಹೇರಿದರೆ ಅದು 120 ಆಗುತ್ತದೆ. ಸಪಾಟು ನೆಲದಲ್ಲಿ ಹಿಮದ ರಾಶಿ ತಳ್ಳುವವರಿಗೆ ಆ 20 ಕೆ.ಜಿ. ನಿಜವಾದ ಲಾಭ.

ಈಗ ಇಳಿಜಾರಿಗೆ ಬನ್ನಿ. ತೂಕ ಹೆಚ್ಚಿದಷ್ಟೂ ಟೈರಿನ ಹಿಡಿತ ಹೆಚ್ಚುತ್ತದೆ, ಸರಿ. ಆದರೆ ಗಾಡಿಯನ್ನು ಕೆಳಗೆ ಎಳೆಯುವ ಗುರುತ್ವವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದಲ್ವಾ? ಎರಡೂ ಕಡೆ ಇರುವ ತೂಕ ಲೆಕ್ಕದಿಂದಲೇ ಹೊಡೆದುಹೋಗುತ್ತದೆ. ಉಳಿಯುವುದು ಘರ್ಷಣೆಯ ಅಂಕ ಒಂದೇ. ಅದು 0.1 ಇದ್ದರೆ, ನೂರು ಅಡಿಗೆ ಹತ್ತು ಅಡಿ ಏರುವ ದಾರಿಯಲ್ಲಿ, ಅಂದರೆ ಸುಮಾರು 6 ಡಿಗ್ರಿ ಓರೆಯಲ್ಲಿ, 1000 ಕೆ.ಜಿ. ಗಾಡಿಯೂ ಜಾರುತ್ತದೆ, 5000 ಕೆ.ಜಿ. ಗಾಡಿಯೂ ಜಾರುತ್ತದೆ. ಭಾರದ ಗಾಡಿ ಜಾರಿದರೆ ಅದು ಮಾಡುವ ಅನಾಹುತವೂ ಜಾಸ್ತಿ.

ಹಾಗಾದರೆ ತೂಕಕ್ಕೆ ಬೆಲೆಯೇ ಇಲ್ಲವೇ? ಇದೆ. ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎನ್ನುವುದು ಮುಖ್ಯ. ಮುಂದೆ ಲೋಡರ್ ಇರುವ ಗಾಡಿ ಬಕೆಟ್ ತುಂಬ ಹಿಮ ಎತ್ತಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಹೋಗುತ್ತದೆ. ಹಿಂದಿನ ಚಕ್ರಗಳು ಹಗುರವಾಗಿ ಸುಮ್ನೆ ತಿರುಗತೊಡಗುತ್ತವೆ. ಹಿಂದೆ ಕಟ್ಟಿದ ಪೆಟ್ಟಿಗೆ ಆ ಸಮತೋಲವನ್ನು ಮರಳಿ ತರುತ್ತದೆ. ಟೈರಿನೊಳಗಿನ ದ್ರವ ಇನ್ನೂ ಚೆನ್ನ. ಅದರ ಭಾರ ಆಕ್ಸೆಲ್ ಮೇಲೆ ಬೀಳದೆ ನೇರ ನೆಲಕ್ಕೆ ಇಳಿಯುತ್ತದೆ. ಬರೀ ನೀರು ಹೆಪ್ಪುಗಟ್ಟುತ್ತದೆ, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಹೆಪ್ಪುಗಟ್ಟದಿದ್ದರೂ ರಿಮ್ಮಿಗೆ ತುಕ್ಕು ಹಿಡಿಸುತ್ತದೆ. ಹಾಗಾಗಿ ಅಲ್ಲಿ ಹಲವರು ಸಕ್ಕರೆ ಬೀಟ್ ಗಡ್ಡೆಯ ಕಾರ್ಖಾನೆಯಲ್ಲಿ ಉಳಿಯುವ ರಸ ತುಂಬಿಸುತ್ತಾರೆ. ಅದು ನೀರಿಗಿಂತ ಸುಮಾರು ಮೂರನೇ ಒಂದರಷ್ಟು ಹೆಚ್ಚು ಭಾರ.

ತೂಕವನ್ನು ಬೇಕಾದ ಚಕ್ರಕ್ಕೆ ಕಳಿಸುವ ಈ ಜಾಣತನವನ್ನು ಪೂರ್ತಿ ಅರ್ಥ ಮಾಡಿಕೊಂಡಿದ್ದವರು ಹ್ಯಾರಿ ಫರ್ಗೂಸನ್. ಇವತ್ತು ನಮ್ಮೂರಿನ ಟ್ರ್ಯಾಕ್ಟರುಗಳ ಹಿಂದೆಯೂ ಕಾಣುವ ಮೂರು ಕೊಂಡಿಯ ಜೋಡಣೆಯನ್ನು ಚಾಲ್ತಿಗೆ ತಂದವರು ಅವರೇ. ನೇಗಿಲನ್ನು ಮಣ್ಣು ಹಿಂದಕ್ಕೆ ಎಳೆಯುವ ಬಲವನ್ನೇ ಹಿಂದಿನ ಚಕ್ರ ಒತ್ತಿ ಹಿಡಿಯುವ ಬಲವಾಗಿ ಅದು ಬದಲಿಸುತ್ತದೆ. ಅದಕ್ಕೇ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು ತೂಗುವ ಅವರ ಟಿ.ಇ.20 ಟ್ರ್ಯಾಕ್ಟರ್ ಆಳವಾಗಿ ಉಳುತ್ತಿತ್ತು. 1957ರ ಅಕ್ಟೋಬರ್ 14ರಂದು ಎಡ್ಮಂಡ್ ಹಿಲರಿಯ ತಂಡ ಇದೇ ಪುಟ್ಟ ಟ್ರ್ಯಾಕ್ಟರುಗಳಲ್ಲಿ ಅಂಟಾರ್ಕ್ಟಿಕಾದ ಸ್ಕಾಟ್ ಬೇಸಿನಿಂದ ಹೊರಟಿತು. 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿತು. ವಾಹನಗಳು ನೆಲದ ಮೇಲೆ ಓಡಿ ಆ ಧ್ರುವ ತಲುಪಿದ್ದು ಅದೇ ಮೊದಲು! ಆದರೆ ಬರೀ ಟೈರಿನಲ್ಲಿ ಹೋಗಲಿಲ್ಲ. ಮುಂದಿನ, ಹಿಂದಿನ ಚಕ್ರಗಳನ್ನು ಸೇರಿಸಿ ಸುತ್ತುವ ಪಟ್ಟಿ, ಅಂದರೆ ಟ್ರ್ಯಾಕ್, ಹಾಕಿದ್ದರು. ಮೆತ್ತನೆ ಹಿಮದಲ್ಲಿ ಹೂತುಹೋದಾಗ ತೂಕ ಹೇರಲಿಲ್ಲ, ಸಾಮಾನು ಇಳಿಸಿದರು.

ಅಸಲಿಗೆ ಮಂಜುಗಡ್ಡೆ ಜಾರುವುದೇಕೆ? ಭಾರದ ಒತ್ತಡಕ್ಕೆ ಅದು ಕರಗಿ ನೀರಾಗುತ್ತದೆ ಎಂದು ಪಠ್ಯಪುಸ್ತಕಗಳು ಬಹಳ ಕಾಲ ಹೇಳಿಕೊಟ್ಟವು. 19ನೇ ಶತಮಾನದ ಈ ವಿವರಣೆ ಇನ್ನೂ ಸಾಯದಿರುವುದು ನನಗೆ ಬೇಸರದ ಸಂಗತಿ. ಒಂದು ವಾತಾವರಣದಷ್ಟು ಒತ್ತಡ ಹೆಚ್ಚಿದರೆ ಕರಗುವ ಬಿಂದು ಇಳಿಯುವುದು ಸುಮಾರು 0.0074 ಡಿಗ್ರಿ ಮಾತ್ರ. ಟ್ರ್ಯಾಕ್ಟರ್ ಟೈರು ನೆಲವನ್ನು ಒತ್ತುವುದು ಅದರೊಳಗಿನ ಗಾಳಿಯ ಒತ್ತಡದಷ್ಟು, ಅಂದರೆ ಒಂದೆರಡು ವಾತಾವರಣ. ಇದರಿಂದ ಮೈನಸ್ 10 ಡಿಗ್ರಿಯ ಮಂಜುಗಡ್ಡೆ ಕರಗುವುದು ಎಲ್ಲಿಂದ ಬಂತು?

ಮೈಕೆಲ್ ಫ್ಯಾರಡೆ 1850ರಲ್ಲೇ ಸರಿಯಾದ ದಿಕ್ಕು ತೋರಿಸಿದ್ದರು: ಒತ್ತದಿದ್ದರೂ ಮಂಜುಗಡ್ಡೆಯ ಮೈಮೇಲೆ ತೆಳು ದ್ರವದಂಥ ಪದರ ಇರುತ್ತದೆ. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಉಜ್ಜುವ ಬಿಸಿಯೂ ನೀರು ಹುಟ್ಟಿಸುತ್ತದೆ ಎಂದು ತೋರಿಸಿದರು. 2018ರಲ್ಲಿ ಡೇನಿಯಲ್ ಬಾನ್ ತಂಡ ಇನ್ನೂ ಸೊಗಸಾದ ಚಿತ್ರ ಕೊಟ್ಟಿತು. ಒಳಗಿನ ಅಣುಗಳು ಅಕ್ಕಪಕ್ಕದವನ್ನು ಬಿಗಿಯಾಗಿ ಹಿಡಿದಿರುತ್ತವೆ. ಮೇಲ್ಮೈಯ ಅಣುಗಳಿಗೆ ಮೇಲಿಂದ ಹಿಡಿಯುವವರಿಲ್ಲ, ಹಾಗಾಗಿ ಅವು ಸಡಿಲ. ಗಾರೆ ನೆಲದ ಮೇಲೆ ಚೆಲ್ಲಿದ ರಾಗಿ ಕಾಳಿನ ಹಾಗೆ ಉರುಳುತ್ತವೆ. ಅವರ ಪ್ರಯೋಗದಲ್ಲಿ ಉಕ್ಕಿನ ಗುಂಡು ಅತಿ ಸುಲಭವಾಗಿ ಜಾರಿದ್ದು ಮೈನಸ್ 7 ಡಿಗ್ರಿಯಲ್ಲಿ. ಕೊರೆಯುವ ಚಳಿಯಲ್ಲಿ ಮಂಜುಗಡ್ಡೆಗೆ ಹಿಡಿತ ಬರುತ್ತದೆ. ಆದರೆ ಉಕ್ಕಿನ ಗುಂಡಿನ ಮಾತು ಬೇರೆ, ರಬ್ಬರ್ ಟೈರಿಗೆ ಸೊನ್ನೆಯ ಹತ್ತಿರ ಮೇಲೆ ನೀರು ನಿಂತ ಮಂಜುಗಡ್ಡೆಯೇ ದೊಡ್ಡ ಶತ್ರು. ಬಿಸಿಲು ಬಂತು ಎಂದು ಧೈರ್ಯವಾಗಿ ಗಾಡಿ ತೆಗೆಯುವವರು ಇದನ್ನು ನೆನಪಿಡಬೇಕು.

ಆ ಉರುಳುವ ಪದರವನ್ನು ದಾಟಿ ಕೆಳಗಿನ ಗಟ್ಟಿ ಭಾಗಕ್ಕೆ ಕಚ್ಚಿದರೆ ಮಾತ್ರ ಘರ್ಷಣೆಯ ಅಂಕ ಬದಲಾಗುತ್ತದೆ. ಅದನ್ನು ಮಾಡುವುದು ಟೈರಿಗೆ ಸುತ್ತುವ ಉಕ್ಕಿನ ಚೈನ್. ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ 1904ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಇಡೀ ಟೈರಿನ ಭಾರ ಕೆಲವೇ ಉಕ್ಕಿನ ಅಂಚುಗಳ ಮೇಲೆ ನಿಲ್ಲುವುದರಿಂದ ಅವು ಒಳಗೆ ಇಳಿಯುತ್ತವೆ. ತೂಕಕ್ಕೂ ಆಗಲೇ ನಿಜವಾದ ಕೆಲಸ ಸಿಗುವುದು. ಏಣಿಯಂಥ ಚೈನಿನಲ್ಲಿ ಅಡ್ಡಪಟ್ಟಿಗಳು ಹತ್ತಿರ ಇರಬೇಕು, ಯಾವ ಕ್ಷಣದಲ್ಲೂ ಒಂದಾದರೂ ನೆಲ ಮುಟ್ಟಿರಬೇಕು. ಉಳುಮೆ ಟೈರಿನ ಎತ್ತರದ ರಬ್ಬರ್ ಪಟ್ಟಿಗಳ ಸಂದಿಗೆ ಈ ಏಣಿ ಇಳಿದು ಮಾಯವಾಗುತ್ತದೆ. ಅಂಥ ಟೈರಿಗೆ ಉದ್ದಕ್ಕೂ ಕೊಂಡಿ ಬೆಸೆದ ಬಲೆಯಂಥ ಚೈನೇ ಬೇಕು.

ಉಳುಮೆ ಟೈರು ಎಲ್ಲ ಕಡೆ ಹಿಡಿಯುತ್ತದೆ ಎನ್ನುವುದೂ ಪೊಳ್ಳು. ಆ ಪಟ್ಟಿಗಳು ಮಣ್ಣನ್ನು ಅಗೆದು ಹಿಡಿಯುತ್ತವೆ. ಮಂಜುಗಡ್ಡೆ ಅಗೆಯಲು ಬಿಡುವುದಿಲ್ಲ. ಚಿಕ್ಕ ಚಿಕ್ಕ ಅಂಚುಗಳು ತುಂಬಿರುವ ಹುಲ್ಲುಹಾಸಿನ ಟೈರು ತೆಳು ಹಿಮದಲ್ಲಿ ಎಷ್ಟೋ ವಾಸಿ.

ಇನ್ನು ಕೊನೆಗೆ ಜೀವದ ಪ್ರಶ್ನೆ. ಫೋರ್ ವೀಲ್ ಡ್ರೈವ್ ಹೊರಡಲು ಮಾತ್ರ ಉಪಯೋಗ, ನಿಲ್ಲಲು ಅಲ್ಲ ಎಂಬ ಮಾತು ಕಾರಿಗೆ ಸರಿ. ಕಾರಿನ ನಾಲ್ಕೂ ಚಕ್ರಕ್ಕೆ ಬ್ರೇಕ್ ಇದೆ. ಬಹುಪಾಲು ಸಣ್ಣ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಇಳಿಯುವಾಗ ಭಾರ ಮುಂದೆ ಹೋಗಿ ಹಿಂಭಾಗ ಹಗುರವಾಗುತ್ತದೆ. ಬ್ರೇಕ್ ಒತ್ತಿದರೆ ಹಿಂದಿನ ಚಕ್ರಗಳು ನಿಂತು ಗಾಡಿ ಜಾರತೊಡಗುತ್ತದೆ. ಫೋರ್ ವೀಲ್ ಹಾಕಿದ್ದರೆ ಗೇರಿನ ಜೋಡಣೆಯ ಮೂಲಕ ಮುಂದಿನ ಚಕ್ರಗಳಿಗೂ ಆ ತಡೆ ತಲುಪುತ್ತದೆ. ಹಾಗಾಗಿ ಇಳಿಜಾರು ಶುರುವಾಗುವ ಮೊದಲೇ ಫೋರ್ ವೀಲ್ ಹಾಕಿ. ಕೆಳಗಿನ ಗೇರ್ ಹಿಡಿಯಿರಿ. ಬಕೆಟ್ ನೆಲಕ್ಕೆ ಹತ್ತಿರ ಇಳಿಸಿ. ಎಡ, ಬಲ ಚಕ್ರಗಳನ್ನು ಒಂದೇ ವೇಗದಲ್ಲಿ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ನೇರ ದಾರಿಗೆ ಮಾತ್ರ, ತಿರುವಿನ ಮೊದಲು ಬಿಡಿಸಿಬಿಡಿ.